ಜ್ವರ ಬಂದು ಸತ್ತ ಟೈಬೀರಿಯಸ್

ಮೂಡಿಗೆರೆ, ಡಿಸೆಂಬರ್ 12, ಶುಕ್ರವಾರ

ಸಿಟ್ಟು ಇಳಿಯುತ್ತಿಲ್ಲ. ಸಿರಿವಂತರು ಒತ್ತುವರಿ ಮಾಡಿದ ಸರ್ಕಾರಿ ಜಮೀನನ್ನು ಬಡವರಿಗೆ ಹಂಚಲು ಹೊರಟ ಜನಪ್ರತಿನಿಧಿ ಟೈಬೀರಿಯಸ್‌ನನ್ನು ರೋಮಿನ ಸೆನೆಟರುಗಳು ಬೆಂಚಿನ ಕಾಲು ಮುರಿದು, ಅದರಲ್ಲೇ ಬಡಿದು ಕೊಂದರು. ನನ್ನ ವಿದ್ಯಾರ್ಥಿಗಳ ನಾಟಕದ ಕಥೆ ಇಷ್ಟೇ. ಇವತ್ತು ತಾಲೀಮು ನೋಡಿದ ಕಾಲೇಜು ಸಮಿತಿಯ ಅಧ್ಯಕ್ಷ, ಎಸ್ಟೇಟ್ ಮಾಲೀಕ ಓಂಕಾರಪ್ಪನವರ ಮುಖ ಕಪ್ಪಿಟ್ಟಿತು.

"ಒತ್ತುವರಿ ಗಿತ್ತುವರಿ ಎಲ್ಲ ಯಾಕೆ ಮೇಡಂ? ಜ್ವರ ಬಂದು ಸತ್ತ ಅಂತ ಮಾಡಿ."

ಜ್ವರವಂತೆ! ಅವರ ಬೇಲಿ ವರ್ಷವರ್ಷ ಗುಡ್ಡ ಹತ್ತುತ್ತಿರುವುದು ಊರಿಗೇ ಗೊತ್ತು. ಎರಡು ಸಾವಿರ ವರ್ಷದ ಹಿಂದಿನ ಹೆಣ ಕಂಡರೂ ಹೆದರಿಕೆ.

ಟೈಬೀರಿಯಸ್ ಪಾತ್ರದ ಪವಿತ್ರಾ ಮೆಲ್ಲಗೆ ಕೇಳಿದಳು: "ಜ್ವರದಲ್ಲೇ ಸಾಯ್ತೀನಿ ಮೇಡಂ. ಮುರಿದ ಬೆಂಚಿನ ಕಾಲು ಎತ್ತಿಡ್ಬೇಕಾ?"

"ಬೇಡ ಮಾರಾಯ್ತಿ," ಅಂದೆ. "ನಿನ್ನ ಹಾಸಿಗೆ ಸುತ್ತ ಹಾಗೇ ಬಿದ್ದಿರ್ಲಿ."