ಬುಲ್ ಬಾರಿನ ಎಡಮೂಲೆ

ಅಪ್ಪಾ,

ನೀವು ಹೋದ ಮೇಲೆ ಶೆಡ್ಡಿನಲ್ಲೇ ನಿಂತಿದ್ದ ಜೀಪನ್ನು ಇನ್ನು ಅಕ್ಕ ಓಡಿಸುತ್ತಾಳಂತೆ. ಅದರ ಮೂತಿಗೆ ಅಡ್ಡ ಕಟ್ಟಿದ ಕಬ್ಬಿಣದ ಬುಲ್ ಬಾರಿಗೆ ಹೊಸ ಬಣ್ಣ ಬಳಿದುಕೊಡು ಎಂದಳು. ಇವತ್ತು ಬೆಳಿಗ್ಗೆ ಉಪ್ಪುಕಾಗದ ಹಿಡಿದು ಕೂತೆ.

ಉಜ್ಜದೆ ಬಣ್ಣ ಹಚ್ಚಿದರೆ ನಿಮಗೆ ಮೈ ಉರಿಯುತ್ತಿತ್ತು. "ಕೊಳೆ ಮೇಲೆ ಬಳಿಯೋಕೆ ಪೇಂಟರ್ ಯಾಕೋ ಬೇಕು? ಯಾವನು ಬೇಕಾದ್ರೂ ಬಳೀತಾನೆ" ಎಂದು ನನ್ನ ತಲೆಗೆ ಮೊಟಕುತ್ತಿದ್ದಿರಿ. ಆದರೆ ಎಡಮೂಲೆಯಲ್ಲಿ ಕಪ್ಪು ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಅಲ್ಲಿ ಮಾತ್ರ ನೀವು ಉಜ್ಜಿರಲಿಲ್ಲ. ಅಡಿಯಲ್ಲಿ ಬೆರಳುದ್ದದ ನೀಲಿ ಗೀರು ಹಾಗೇ ಇತ್ತು.

ಜೀಪಿಗೆ ಗೀರು ಮಾಡಿಕೊಂಡು ಬಂದ ಆ ಸಂಜೆ, ಮರಕ್ಕೆ ತಾಗಿಸಿದೆ ಎಂದಿದ್ದೆ ನಾನು. ನೀವು "ಹೂಂ" ಎಂದು ಬಣ್ಣದ ಡಬ್ಬಿ ತೆರೆದಿರಿ, ಮತ್ತೆ ಯಾವತ್ತೂ ಕೇಳಲಿಲ್ಲ. ನಂಬಿದ್ದೀರಿ ಎಂದುಕೊಂಡೇ ಇಷ್ಟು ವರ್ಷ ನಿದ್ದೆ ಮಾಡಿದೆ. ಯಾವ ಮರಕ್ಕೆ ನೀಲಿ ಬಣ್ಣ ಇರುತ್ತದೆ ಅಪ್ಪಾ? ನೀಲಿ ಇದ್ದದ್ದು ನಾನು ಗುದ್ದಿದ ಸೈಕಲ್ಲಿಗೆ. ಬಿದ್ದವನು ಎದ್ದನೋ ಇಲ್ಲವೋ, ನಾನು ತಿರುಗಿ ನೋಡಲಿಲ್ಲ.

"ಯಾಕೋ ಕೈ ನಿಂತೋಯ್ತು?" ಅಕ್ಕ ಬಾಗಿಲಿಂದಲೇ ಕೂಗಿದಳು. "ಏನಾದ್ರೂ ಇದ್ಯಾ ಅಲ್ಲಿ?"

"ಏನಿಲ್ಲ ಕಣಕ್ಕ, ಮರಕ್ಕೆ ತಾಗಿದ ಗೀರು" ಎಂದೆ.

ಎಡಮೂಲೆ ಬಿಟ್ಟು ಉಳಿದದ್ದನ್ನೆಲ್ಲ ನುಣ್ಣಗೆ ಉಜ್ಜಿದೆ. ಆಮೇಲೆ ನಿಮ್ಮ ಹಾಗೇ ಡಬ್ಬಿ ತೆರೆದೆ.