ಒಂದೂ ಕೂರಿಗೆ ಮಾರದ ಕಾರ್ಖಾನೆಯವನ ಅಹವಾಲು

ಮಾನ್ಯ ಶೆಡ್ ಹಂಚಿಕೆ ಅಧಿಕಾರಿಗಳೇ,

ನೌಬಾದಿನಲ್ಲಿರುವ ನನ್ನ ಕೂರಿಗೆ ಕಾರ್ಖಾನೆ ತೀರಿಕೊಂಡಿದೆ ಎಂಬ ಸುದ್ದಿ ತಮ್ಮ ನೋಟಿಸಿನಿಂದ ತಿಳಿಯಿತು. ಮಾಲೀಕನಾದ ನನಗೇ ಇಷ್ಟು ತಡವಾಗಿ ತಿಳಿದದ್ದಕ್ಕೆ ನಾಚಿಕೆಯಾಗಿದೆ. ‘ವರ್ಷದ ಮಾರಾಟ ಶೂನ್ಯ, ತಪಾಸಣೆಯ ದಿನ ಬೀಗ, ಆದ್ದರಿಂದ ಘಟಕ ಸ್ಥಗಿತ, ಮೂವತ್ತು ದಿನದೊಳಗೆ ಶೆಡ್ ತೆರವುಗೊಳಿಸತಕ್ಕದ್ದು’ ಎಂದು ಬರೆದಿದ್ದೀರಿ. ಎರಡೂ ನಿಜ. ಮಾರಾಟ ಶೂನ್ಯವೇ, ಬೀಗ ಹಾಕಿದವನೂ ನಾನೇ. ಆದರೆ ಈ ಎರಡು ಅಪರಾಧಗಳನ್ನು ನನಗೆ ಕಲಿಸಿದವರು ತಾವೇ ಎಂಬುದನ್ನು ನಾಲ್ಕು ಜನರ ಮುಂದೆ ಹೇಳಬೇಕಾಗಿದೆ.

ಎರಡು ವರ್ಷದ ಹಿಂದೆ ತಾವು ಸಣ್ಣ ಕಾರ್ಖಾನೆಯವರನ್ನೆಲ್ಲ ಬೀದರಿನ ಒಂದು ಹೋಟೆಲಿನ ಹಾಲ್‌ಗೆ ಕರೆಸಿ ತರಬೇತಿ ಕೊಡಿಸಿದಿರಿ. ಬಂದಿದ್ದ ತಜ್ಞರು ಹೇಳಿದ್ದು ಒಂದೇ ಮಾತು: ಯಂತ್ರ ಮಾರಬೇಡಿ, ಯಂತ್ರದಿಂದ ಆಗುವ ಕೆಲಸವನ್ನು ಮಾಡಿಕೊಟ್ಟು ದುಡ್ಡು ಪಡೆಯಿರಿ. ಉಳಿದವರು ಊಟ ಮುಗಿಸಿ ಜಾಗ ಖಾಲಿ ಮಾಡಿದರು. ಮುಂದಿನ ಸಾಲಿನಲ್ಲಿ ಕೂತು ಸಂಜೆಯವರೆಗೆ ಬರೆದುಕೊಂಡ ಜಾಣ ನಾನೊಬ್ಬನೇ. ಮಾತು ನನಗೆ ನಾಟಿತ್ತು ಸ್ವಾಮಿ. ನನ್ನ ಟ್ರ್ಯಾಕ್ಟರ್ ಕೂರಿಗೆ ರೈತನಿಗೆ ವರ್ಷಕ್ಕೆ ಹೆಚ್ಚೆಂದರೆ ಹನ್ನೆರಡು ದಿನ ಬೇಕು. ಉಳಿದ ದಿನ ಅದರ ಮೇಲೆ ಕೋಳಿ ಕೂರುತ್ತದೆ. ಹನ್ನೆರಡು ದಿನಕ್ಕಾಗಿ ಆತ ಅದನ್ನು ಯಾಕೆ ಕೊಳ್ಳಬೇಕು?

ಮನೆಗೆ ಬಂದು ಹೆಂಡತಿ ಪ್ರಣಾಲಿಗೂ ಅದೇ ಪಾಠ ಒಪ್ಪಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇದು ನಿಮ್ಮ ಮುತ್ಯಾ ಮಾಡ್ತಿದ್ದದ್ದೇ ಅಲ್ಲೇನ್ರಿ?” ಎಂದಳು. ನನ್ನ ಉತ್ಸಾಹ ಅರ್ಧ ಇಳಿಯಿತು.

ಅವಳು ಹೇಳಿದ್ದು ಸರಿ. ಔರಾದ ಕಡೆಯ ಹಳ್ಳಿಯಲ್ಲಿ ಬಡಿಗನಾಗಿದ್ದ ನನ್ನ ಅಜ್ಜ ಜೀವಮಾನದಲ್ಲಿ ಒಂದು ಕೂರಿಗೆ ಮಾರಲಿಲ್ಲ. ಮಾಡಿ ಕೊಡುತ್ತಿದ್ದ, ಮುರಿದರೆ ಹೊಲಕ್ಕೇ ಹೋಗಿ ಕೂಡಿಸುತ್ತಿದ್ದ, ರಾಶಿಯ ದಿನ ಹೋಗಿ ತನ್ನ ಪಾಲಿನ ಆಯವನ್ನು, ಅಂದರೆ ಕಾಳನ್ನು, ಹೊತ್ತು ತರುತ್ತಿದ್ದ. ಅಜ್ಜನಿಗೆ ಬೇರೆ ದಾರಿ ಇರಲಿಲ್ಲ. ರಾಶಿ ಮಾಡಿದವನು ಕೊಟ್ಟಷ್ಟಕ್ಕೆ ತಲೆಬಾಗಬೇಕಿತ್ತು. ಅದರಿಂದ ತಪ್ಪಿಸಿಕೊಳ್ಳಲೆಂದೇ ಅಪ್ಪ ವೆಲ್ಡಿಂಗ್ ಕಲಿತು ಕಾರ್ಖಾನೆ ಹಾಕಿದ. ಮೂರನೆಯ ತಲೆಮಾರಿನವನಾದ ನಾನು ಸರ್ಕಾರಿ ಖರ್ಚಿನಲ್ಲಿ ಊಟ ಮಾಡಿ, ಪ್ರಮಾಣಪತ್ರ ಪಡೆದು, ಮತ್ತೆ ಅಜ್ಜನ ಕಟ್ಟೆಗೇ ಬಂದು ಕೂತೆ.

ಆದರೂ ಶುರು ಮಾಡಿದೆ. ಭಾಲ್ಕಿ, ಕಮಲನಗರ, ಔರಾದ ಕಡೆ ಮೂವತ್ತೊಂದು ಮನೆಗಳಿಗೆ ಮೂವತ್ತೊಂದು ಕೂರಿಗೆ. ಕೂರಿಗೆ ನನ್ನದು, ಬಿತ್ತನೆ ಅವರದು. ಜೂನಿನಲ್ಲಿ ಮೃಗಶಿರೆಯ, ನಮ್ಮ ಕಡೆಯ ಮಾತಿನಲ್ಲಿ ಮಿರಗದ, ಮಳೆ ಬೀಳುತ್ತಲೇ ನನ್ನ ಮಿಸ್ತ್ರಿ ಸಲಾವೋದ್ದೀನ ಮತ್ತು ನಾನು ಒಂದೊಂದು ಹೊಲಕ್ಕೂ ಹೋಗಿ ಬೀಜ ಎಷ್ಟು ಆಳಕ್ಕೆ ಬೀಳಬೇಕೆಂದು ಹೊಂದಿಸಿ ಕೊಡುವುದು. ಸಾಲು ತಪ್ಪಿದರೆ ಮತ್ತೆ ಬಿತ್ತಿಸಿ ಕೊಡುವುದು. ಭೇಟಿಗಿಷ್ಟು ಎಂದು ಬಿಲ್ ಪುಸ್ತಕವನ್ನೂ ಅಚ್ಚು ಹಾಕಿಸಿದ್ದೆ. ಮೊದಲ ದಿನವೇ ಸಾಯಗಾಂವದ ಗಿರಿಜಾಬಾಯಿ ಹೊಲದಲ್ಲಿ ಕೂರಿಸಿ ರೊಟ್ಟಿ, ಝುಣಕಾ ಬಡಿಸಿದರು. ಉಂಡ ಕೈಯಲ್ಲಿ ಬಿಲ್ ಹರಿಯುವುದು ಹೇಗೆ? ಹೇಳಿಕೊಟ್ಟ ತಜ್ಞರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಕೊನೆಗೆ, ರಾಶಿಯಾದ ಮೇಲೆ ಸೋಯಾ ಕೊಡಿರೆಂದು ಹೇಳಿ ಬಂದೆ. ಮೂವತ್ತೊಂದು ಮನೆಯಲ್ಲೂ ಹಾಗೆಯೇ ಆಯಿತು. ಎಲ್ಲರೂ ಕೊಟ್ಟರು, ಮನೆ ನಡೆಯಿತು, ಸಲಾವೋದ್ದೀನನ ಮನೆಯೂ ನಡೆಯಿತು.

ಮಾರ್ಚಿನಲ್ಲಿ ತಮ್ಮ ಫಾರ್ಮ್ ಬಂತು. ‘ಮಾರಿದ ಯಂತ್ರಗಳ ಸಂಖ್ಯೆ’ ಎಂಬಲ್ಲಿ ನಾನು ಸೊನ್ನೆ ಬರೆದು, ಹೆಮ್ಮೆಯಿಂದ ಕೆಂಪು ಶಾಯಿಯಲ್ಲಿ ಕೆಳಗೊಂದು ಗೆರೆಯನ್ನೂ ಎಳೆದೆ. ಶಾಲು ಹೊದಿಸುತ್ತೀರೆಂದು ನಿಜವಾಗಿ ನಂಬಿದ್ದೆ. ಅಂದು ಹಾಕಿಕೊಳ್ಳಲು ಅಂಗಿಯನ್ನೂ ಇಸ್ತ್ರಿ ಮಾಡಿಸಿಟ್ಟಿದ್ದೆ. ಶಾಲಿನ ಬದಲು ಜೂನಿನಲ್ಲಿ ತಪಾಸಣೆ ಬಂತು. ಬಿತ್ತನೆಯ ವಾರ ಕೂರಿಗೆ ಮಾಡುವವನು ಶೆಡ್ಡಿನಲ್ಲಿ ಸಿಗುತ್ತಾನೆಯೇ? ತಮ್ಮವರು ಬೀಗದ ಫೋಟೊ ತೆಗೆದುಕೊಂಡು ಹೋದರು.

ನೋಟಿಸ್ ಹಿಡಿದು ತಮ್ಮ ಕಚೇರಿಗೆ ಓಡಿದೆ. ಮೇಜಿನ ಹಿಂದಿದ್ದವರೊಬ್ಬರು ಕನಿಕರದಿಂದ, ಹತ್ತು ಕೂರಿಗೆ ಮಾರಿದ ಹಾಗೆ ಬಿಲ್ ಮಾಡಿ, ಕೊಂಡವರ ಸಹಿ ಹಾಕಿಸಿ ತನ್ನಿ, ಶೆಡ್ ಉಳಿಯುತ್ತದೆ ಎಂದರು. ಅವರ ಹೆಸರು ಹೇಳುವುದಿಲ್ಲ. ತಪ್ಪು ಮಾಡಿದವನು ನಾನು. ಖಾಲಿ ಬಿಲ್ ಪುಸ್ತಕ ಹಿಡಿದು ನೇರ ಗಿರಿಜಾಬಾಯಿಯವರ ಮನೆಗೇ ಹೋದೆ. ಬರೀ ಕಾಗದದ ಮೇಲೆ ಕೊಂಡ ಹಾಗೆ ಎಂದು ತಿಳಿಸಿ ಹೇಳಿ ಪೆನ್ನು ಮುಂದೆ ಮಾಡಿದೆ. ಅವರು ಪೆನ್ನು ಮುಟ್ಟಲಿಲ್ಲ.

“ಕೊಂಡೀನಿ ಅಂತ ಸಹಿ ಮಾಡಿದ್ರ, ಅದು ನನ್ನ ಕೂರಿಗಿ ಆಯ್ತಲ್ರಿ ಕೈಲಾಶ. ಮುಂದಿನ ಮಿರಗಕ್ಕ ಮುರೀತು ಅಂದ್ರ ನಾ ಯಾವ ಬಾಯಿಲಿ ನಿಮಗ ಫೋನ್ ಹಚ್ಚಲಿ?”

ಬರ್ತೇನಿರಿ, ಅದು ಕಾಗದದ ಮಾತು ಅಷ್ಟೇ ಎಂದೆ. “ಕಾಗದದ ಮ್ಯಾಲೆ ಸುಳ್ಳು ಬರ್ದವರು ಹೊಲಕ್ಕ ಖರೇ ಬರ್ತಾರಂತ ಹ್ಯಾಂಗ ನಂಬ್ಲಿರಿ?” ಎಂದು ಅವರು ಒಳಗೆ ಹೋಗಿ ಚಹಾ ತಂದುಕೊಟ್ಟರು. ಕುಡಿದೆ. ಅಷ್ಟು ಅವಮಾನ ಯಾವ ನೋಟಿಸಿನಿಂದಲೂ ಆಗಿರಲಿಲ್ಲ.

ಆದ್ದರಿಂದ, ಮಾನ್ಯರೇ, ಸುಳ್ಳು ಬಿಲ್ ತರುವುದಿಲ್ಲ. ನನಗೆ ಬೇಕಾದದ್ದು ಎರಡೇ. ತಾವು ಕಲಿಸಿದ್ದನ್ನು ಮಾಡಿದವನು ಬರೆಯಲು ತಮ್ಮ ಫಾರ್ಮಿನಲ್ಲಿ ಒಂದು ಸಾಲು. ಮತ್ತು ಮರುತಪಾಸಣೆ, ಶೆಡ್ಡಿನಲ್ಲಿ ಅಲ್ಲ, ಹೊಲದಲ್ಲಿ. ಇದಾಗದು, ಶೆಡ್ ಕಿತ್ತುಕೊಳ್ಳುವುದೇ ಸರಿ ಎಂದಾದರೆ ಕೀಲಿಕೈ ಕೊಡುತ್ತೇನೆ. ಅದರ ಜೊತೆಗೆ ಮೂವತ್ತೊಂದು ಮನೆಗಳ ಫೋನ್ ನಂಬರನ್ನೂ ಕೊಡುತ್ತೇನೆ. ಮಳೆ ಬಿದ್ದ ಬೆಳಿಗ್ಗೆ ಅವರು ಕರೆ ಮಾಡಿದಾಗ ದಯವಿಟ್ಟು ತಾವೇ ಎತ್ತಬೇಕು.

ಇಂತಿ,
ತಮ್ಮ ತರಬೇತಿಯಲ್ಲಿ ಪಾಸಾಗಿ ತಮ್ಮ ಫಾರ್ಮಿನಲ್ಲಿ ಫೇಲಾದ,
ಕೈಲಾಶ ಪಾಂಚಾಳ
ನೌಬಾದ, ಬೀದರ