ನನಗೇನೂ ಗೊತ್ತಿಲ್ಲ ಎಂದ ಮೇಲೆ

ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಮಗಳೇ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನಮ್ಮ ಚೆನ್ನಾಗಿದ್ದಾಳೆ. ನನಗೆ ಬರೀ ಸುಸ್ತು.

ನಾಲ್ಕು ವರ್ಷದ ಹಿಂದೆ ಚರ್ಚಿನ ಹಾಸ್ಟೆಲಿನ ಅಡುಗೆಯಾಕೆ ನಮ್ಮ ಮನೆಗೆ ಬಂದು ಅತ್ತದ್ದು ನಿನಗೆ ನೆನಪಿದೆ. ವಾರ್ಡನಮ್ಮ ಒಬ್ಬ ಹುಡುಗಿಯನ್ನು ಎರಡು ದಿನದಿಂದ ಉಗ್ರಾಣದಲ್ಲಿ ಕೂಡಿಹಾಕಿದ್ದಳು. ನಾನೇ ಹೋಗಿ ಬೀಗ ತೆಗೆಸಿದೆ. ಬಾಗಿಲು ಬಡಿದು ಬಡಿದು ಆ ಮಗುವಿನ ಕೈ ಊದಿಕೊಂಡಿತ್ತು. ಮರುವಾರ ಹಿರಿಯರ ಕಮಿಟಿಯಲ್ಲಿ ವಾರ್ಡನಮ್ಮ ಎಲ್ಲ ಸುಳ್ಳು ಎಂದಳು. ಅವಳು ಕಮಿಟಿಯ ಅಧ್ಯಕ್ಷರ ತಂಗಿ; ಪಾದ್ರಿಯಾದ ನನಗೆ ಕೊಟ್ಟಿದ್ದ ಮನೆಯೂ ಚರ್ಚಿನದೇ. ಎಲ್ಲರೂ ನನ್ನ ಮುಖ ನೋಡಿದರು. ನನಗೇನೂ ಗೊತ್ತಿಲ್ಲ ಎಂದೆ. ಸುಳ್ಳು ದೂರು ಹೇಳಿದಳೆಂದು ಅಡುಗೆಯಾಕೆಯ ಕೆಲಸ ಹೋಯಿತು. ಅವತ್ತಿನಿಂದ ನೀನು ನನ್ನನ್ನು ಅಪ್ಪ ಎಂದು ಕರೆದಿಲ್ಲ.

ಆಮೇಲೂ ಪ್ರತಿ ಭಾನುವಾರ ಪೀಠದಲ್ಲಿ ನಿಂತು ಸತ್ಯ, ಪ್ರೀತಿ, ಕ್ಷಮೆ ಎಂದು ಗಂಟೆಗಟ್ಟಲೆ ಪ್ರಸಂಗ ಮಾಡಿದೆ. ಜನ ಕಣ್ಣೊರೆಸಿಕೊಂಡು ಕೈ ಕುಲುಕಿದರು. ಒಬ್ಬನೇ ಮೊಣಕಾಲೂರಿದಾಗ ಮಾತ್ರ ಬಾಯಿಗೆ ಒಂದು ಶಬ್ದವೂ ಬರುತ್ತಿರಲಿಲ್ಲ.

ಮೊನ್ನೆ ಭಾನುವಾರ ಪ್ರಸಂಗದ ಹಾಳೆ ಮಡಿಸಿಟ್ಟು, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ವಾರ್ಡನಮ್ಮ ಎದ್ದು ಹೋದಳು. ಬಾಗಿಲ ಬಳಿ ಹಿರಿಯರೊಬ್ಬರು, "ಈಗ್ಯಾಕೆ ಬೇಕಿತ್ತು ಅಯ್ಯನವರೇ? ಎಲ್ಲ ತಣ್ಣಗಾಗಿತ್ತಲ್ಲ" ಎಂದರು. ವಾರ್ಡನಮ್ಮನನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ಮಾಡುತ್ತಾರಂತೆ.

ನಿನ್ನೆ ಅಡುಗೆಯಾಕೆಯನ್ನು ಹುಡುಕಿಕೊಂಡು ಹೋದೆ. ಅವಳಿಗೆ ಈಗ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ. ಕ್ಷಮೆ ಕೇಳಲು ಬಾಯಿ ತೆಗೆದೆ; ಅಭ್ಯಾಸಬಲ, ಅದೂ ಪ್ರಸಂಗದ ಹಾಗೇ ಶುರುವಾಯಿತು. "ಭಾಷಣ ಸಾಕು ಅಯ್ಯನವರೇ, ಈ ಬೆಡ್‌ಶೀಟ್ ತುದಿ ಹಿಡ್ಕೊಳ್ಳಿ" ಎಂದಳು. ಹಿಡಿದುಕೊಂಡೆ. ಮಧ್ಯಾಹ್ನದವರೆಗೆ ಇಬ್ಬರೂ ಮಡಿಸಿದೆವು. ನಾನು ಮಡಿಸಿದ್ದರಲ್ಲಿ ಅರ್ಧವನ್ನು ಅವಳು ಬಿಚ್ಚಿ ಮತ್ತೆ ಮಡಿಸಿದಳು. ಒಮ್ಮೆ ಮಾತ್ರ, ಆ ಹುಡುಗಿ ಈಗ ಹೇಗಿದ್ದಾಳೆ ಎಂದು ಕೇಳಿದೆ. "ಅದನ್ನ ಅವತ್ತೇ ಕೇಳಬೇಕಿತ್ತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ; ಅದೇ ಹೆಚ್ಚು ಚುಚ್ಚಿತು. ಹೊರಡುವಾಗ ಕ್ಷಮಿಸಿದೆ ಎನ್ನಲಿಲ್ಲ. ನಾಳೆ ಬೇಗ ಬಂದರೆ ಇನ್ನೂ ಎರಡು ಗಂಟು ಬಟ್ಟೆ ಇದೆ ಎಂದಳಷ್ಟೇ. ಈಗ ಅಲ್ಲಿಗೇ ಹೊರಟಿದ್ದೇನೆ.

ಉತ್ತರ ಬರೆಯಲೇಬೇಕೆಂದಿಲ್ಲ. ಓದಿದರೆ ಸಾಕು.

ಇಂತು,
ನಿನ್ನ ಅಪ್ಪ

ತಾ.ಕ.: ಅಪ್ಪನಿಗೆ ಕಡೆಗೂ ಧೈರ್ಯ ಬಂತು ಅಂದುಕೊಳ್ಳಬೇಡ. ಶುಕ್ರವಾರ ನನ್ನ ನಿವೃತ್ತಿಯ ಆದೇಶ ಬಂದಿತ್ತು. ಇನ್ನು ಯಾರೂ ನನ್ನನ್ನು ಏನೂ ಮಾಡುವಂತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಬಾಯಿ ತೆರೆದದ್ದು. ಪೀಠದಲ್ಲಿ ಇದೊಂದನ್ನು ಹೇಳಲಿಲ್ಲ.